ಹಂಪಮ್ಮ ಕಲಿಸಿದ ಕೈ

ಸಹನಾ, ಕೊಟ್ರೇಶ, ಇವತ್ತು ಅಕ್ಕಿ ಹಸನು ಮಾಡುವಾಗ ಒಂದು ಕಲ್ಲು ಸಿಕ್ಕಿತು. ಎಸೆಯಲು ಮನಸ್ಸಾಗದೆ ಬೆರಳಲ್ಲೇ ಹಿಡಿದು ಬಹಳ ಹೊತ್ತು ಕೂತೆ. ಮುದುಕಿಗೆ ಅರಳುಮರಳು ಎಂದು ನಗಬೇಡಿರಿ, ಕಾರಣ ಹೇಳುತ್ತೇನೆ.

ಸಹನಾ, ಹೋದ ತಿಂಗಳು ನೀನು ಸಿನಿಮಾ ಶಾಲೆಯ ಗೆಳತಿಯರೊಂದಿಗೆ ಸಿನಿಮಾ ತೆಗೆಯಲು ತಂಬ್ರಹಳ್ಳಿಗೆ ಬಂದೆಯಲ್ಲ. ಅಜ್ಜಿಯ ಪಾತ್ರದವರು ಕೈಕೊಟ್ಟರೆಂದು ನನ್ನನ್ನೇ ಕೂರಿಸಿದಿರಿ. ಅಕ್ಕಿ ಆರಿಸುತ್ತಿರುವಾಗ ತಂಗಿ ಸತ್ತ ಸುದ್ದಿ ಬರಬೇಕು, ಅಷ್ಟೇ. "ಅಜ್ಜಿ, ನಿನಗ ದುಃಖ ಆಗಿದ್ದು ಏನರ ನೆನಸ್ಕೋ" ಎಂದು ನೀನು ಹೇಳಿಕೊಟ್ಟೆ. ಶಾಲೆಯಲ್ಲಿ ಹಾಗೆ ಕಲಿಸುತ್ತಾರಂತೆ. ನಾನು ನಿಮ್ಮ ಅಜ್ಜನನ್ನು ನೆನೆಸಿಕೊಂಡೆ. ಅವರ ಚೇಷ್ಟೆಗಳೇ ನೆನಪಾಗಿ ನಗು ಬಂತು.

ಆಮೇಲೆ ಹಂಪಮ್ಮ ನೆನಪಾದಳು. ನಿಮ್ಮ ಅಜ್ಜ ಊರ ಗಂಡಸರನ್ನು ಕಟ್ಟಿಕೊಂಡು ನಾಟಕ ಆಡಿಸುವಾಗ ಹೆಣ್ಣು ಪಾತ್ರಕ್ಕೆ ಕೂಡ್ಲಿಗಿಯಿಂದ ಅವಳನ್ನು ಕರೆಸುತ್ತಿದ್ದರು. ಉಳಿಯುವುದು ನಮ್ಮ ಮನೆಯಲ್ಲೇ. ಅವಳಿಗೆ ಓದು ಬಾರದು. ಏಳನೆಯ ತರಗತಿ ಓದಿದ ನಾನು ಅವಳ ಪಾತ್ರದ ಮಾತುಗಳನ್ನು ಓದಿ ಹೇಳಬೇಕು. ಅವಳು ನನ್ನ ಮೊರ ಕಸಿದುಕೊಂಡು, ಒಂದು ಮಾತಿಗೆ ಒಂದು ಕಲ್ಲು ಆರಿಸುತ್ತ ಕಲಿಯುತ್ತಿದ್ದಳು.

"ಮಾತು ಕೈಗೆ ಕಲಿಸಬೇಕು ತಂಗಿ. ಬಾಯಿ ಮರೀತೈತಿ, ಕೈ ಮರೆಯಂಗಿಲ್ಲ."

"ಅಳೋ ಕಡಿಗೆ ಏನ್ ಮಾಡ್ತೀಯಕ್ಕ?"

"ಕೈ ನಿಲ್ಲಸ್ತೀನಿ. ಹಿಡದ ಕಲ್ಲು ಬಿಡಂಗಿಲ್ಲ."

"ನಾಟಕ ಹೆಂಗರ ಆಗ್ಲಿ, ನಮ್ಮನಿ ಅಕ್ಕಿ ಹಸನಾತು ಬಿಡು" ಎಂದರೆ, "ಅದಕ್ಕ ಕರಸ್ತೀರೇನಲೇ ನನ್ನ" ಎಂದು ಮೊರದಿಂದಲೇ ಹೊಡೆಯಲು ಬರುತ್ತಿದ್ದಳು.

ಕ್ಯಾಮೆರಾ ಮುಂದೆ ನಾನೂ ಕೈ ನಿಲ್ಲಿಸಿದೆ. ಕಲ್ಲು ಬಿಡಲಿಲ್ಲ. ಸಹನಾ, ನೀನೇ ಕಣ್ಣೊರೆಸಿಕೊಂಡೆ. "ಎಲ್ಲಿ ಕಲ್ತಿ ಅಜ್ಜಿ ಇದನ್ನ?" ಎಂದು ಕೇಳಿದೆ.

ಕಟ್ಟೆಯ ಮೇಲೆ ಹರಪನಹಳ್ಳಿಯ ಬೀಗರು ಕೂತಿದ್ದರು. ನಾಟಕದವಳು ನಮ್ಮ ಮನೆಯಲ್ಲಿ ಉಂಡು ಮಲಗುತ್ತಿದ್ದಳು, ನಾನವಳನ್ನು ಅಕ್ಕ ಎನ್ನುತ್ತಿದ್ದೆ ಎಂದರೆ ಅವರು ಏನಂದುಕೊಂಡಾರು? "ಯಾರ ಹತ್ರನೂ ಕಲ್ತಿಲ್ಲವ್ವ. ತಾನ ಬಂತು" ಎಂದುಬಿಟ್ಟೆ. ಅದನ್ನೂ ಕ್ಯಾಮೆರಾ ಹಿಡಿಯಿತು.

"ನೋಡ್ರೆಲೇ, ನಾವು ಮೂರು ವರ್ಷ ಕಲ್ತರೂ ಬರಲಿಲ್ಲ, ಅಜ್ಜಿಗೆ ಕಲೀದನ ಬಂದೈತಿ" ಎಂದು ನೀನು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅಜ್ಜಿಯದು ಮೊದಲಿನಿಂದಲೂ ನಾಚಿಕೆ ಸ್ವಭಾವ ಎಂದುಕೊಂಡಿರಿ.

ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ಬಾಯಿ ಬರಲಿಲ್ಲ. ಸಹನಾ, ಸಿನಿಮಾದಿಂದ ನನ್ನ ಆ ಸುಳ್ಳನ್ನು ತೆಗೆದುಹಾಕು. ಕೊನೆಗೆ ಹೆಸರು ಬರುವಲ್ಲಿ, ಅಜ್ಜಿಗೆ ಕಲಿಸಿದವರು ಕೂಡ್ಲಿಗಿ ಹಂಪಮ್ಮ ಎಂದು ಹಾಕು. ಬೀಗರೂ ನೋಡಲಿ.

ಕೊಟ್ರೇಶ, ಈ ಹಾಳೆಗಳನ್ನು ನೀನು ಜೋಪಾನವಾಗಿಡು. ಅವಳಿಗೆ ಅಷ್ಟು ನಾಟಕ ಓದಿ ಹೇಳಿದವಳು ನಾನು, ಅವಳ ಹೆಸರನ್ನು ಬರೆದದ್ದು ಇದೇ ಮೊದಲು.