ಮೂರು ಸಲ ಕುಕ್ಕಿದ ಸೇರು

ಮಹಾದೇವಕ್ಕ ಕಾಳು ಮಾರುವಾಗ ಸೇರನ್ನು ಮೂರು ಸಲ ನೆಲಕ್ಕೆ ಕುಕ್ಕುತ್ತಿದ್ದರು. ತಾವು ಕೊಳ್ಳುವಾಗ ಒಂದು ಸಲವೂ ಇಲ್ಲ. ಕಮಲಾಪುರದಲ್ಲಿ ನಮ್ಮ ಪಕ್ಕದ ಮನೆಯವರು, ತೊಗರಿ ವ್ಯಾಪಾರ. ಅಂಗಡಿಗೆ ತಕ್ಕಡಿ ಬಂದರೂ ಓಣಿಯ ಹೆಂಗಸರಿಗೆ ಅವರ ಹಿತ್ತಾಳೆ ಸೇರೇ ಆಗಬೇಕು. ಕುಕ್ಕಿದರೆ ಕಾಳು ಬೆರಳಗಲ ಇಳಿಯುತ್ತಿತ್ತು, ಮೇಲೆ ಇನ್ನೊಂದು ಹಿಡಿ ಬೀಳುತ್ತಿತ್ತು.

"ನಿಮಗ ಲುಕ್ಸಾನ್ ಅಲ್ಲೇನ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ಸುರುವಿದ ಕಾಳು ನಿಂತಿರ್ತಾವ, ಕುಕ್ಕಿದ್ರ ಕುಂದರ್ತಾವ. ಮನಿಗಿ ಬಂದವ್ರನ್ನ ನಿಂದರ್ಸೇ ಕಳಸ್ತಾರೇನು?" ಎಂದು ನಕ್ಕರು.

ಮುಂದೆ ನಾನು ಕಲಬುರಗಿಯಲ್ಲಿ ಸಂಶೋಧನೆಗೆ ಸೇರಿದೆ. ಜಾಡಿಗೆ ಗಾಜಿನ ಸಣ್ಣ ಗುಂಡುಗಳನ್ನು ಸುರಿದು, ಅವು ಎಷ್ಟು ಜಾಗ ಹಿಡಿಯುತ್ತವೆ, ನಡುವೆ ಎಷ್ಟು ಖಾಲಿ ಉಳಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಅದೇ ಜಾಡಿ, ಅವೇ ಗುಂಡು. ಅಂಕಿ ಮಾತ್ರ ದಿನಕ್ಕೊಂದು. "ಈ ವಾರವೂ ಅಂಕಿ ಒಂದೇ ಕಡೆ ನಿಲ್ಲದಿದ್ದರೆ ವಿಷಯ ಬಿಟ್ಟುಬಿಡಿ," ಎಂದರು ಮಾರ್ಗದರ್ಶಕರು. ಎರಡು ವರ್ಷದ ದುಡಿತ ನೀರುಪಾಲಾಯಿತು ಎಂದುಕೊಂಡು ಬಸ್ಸು ಹತ್ತಿ ಊರಿಗೆ ಬಂದೆ.

ಮಹಾದೇವಕ್ಕ ಕಾಳು ಹಸನು ಮಾಡುತ್ತಲೇ ನನ್ನ ಗೋಳು ಕೇಳಿದರು. ಕೊನೆಗೆ ಅಂದದ್ದು ಇಷ್ಟೇ: "ಎಷ್ಟು ಸಲ ಕುಕ್ಕಿದಿ?"

ನಾನು ಪೆಚ್ಚಾದೆ. ಗುಂಡು ಸುರಿದ ಮೇಲೆ ಜಾಡಿಯನ್ನು ಮೇಜಿಗೆ ಕುಕ್ಕುವುದು ನನಗೆ ಚಿಕ್ಕಂದಿನಿಂದ ಅವರನ್ನು ನೋಡಿ ನೋಡಿ ಬಂದ ಚಟ. ಕೈ ತಾನಾಗಿ ಕುಕ್ಕುತ್ತಿತ್ತು, ಒಮ್ಮೆ ಎರಡು ಸಲ, ಒಮ್ಮೆ ಐದು. ಅಂಕಿ ಬರೆದಿಡುವ ಪುಸ್ತಕದಲ್ಲಿ ನಾನು ಅದನ್ನು ಬರೆದೇ ಇರಲಿಲ್ಲ.

"ಅದನ್ಯಾರು ಬರೀತಾರ್ರಿ?" ಎಂದೆ.

"ನಾ ಮೂರಂತ ಹಿಡದೀನಿ. ನೀನೂ ಒಂದು ಹಿಡಿ."

ಕಲಬುರಗಿಗೆ ಮರಳಿ ಎಣಿಸಿ ಕುಕ್ಕಿದೆ. ಅಂಕಿ ನಿಂತಿತು. ಕುಕ್ಕಿದಷ್ಟೂ ಗುಂಡುಗಳು ಒತ್ತಾಗಿ ಕೂತವು. ಒಂದು ಹಂತದ ಮೇಲೆ ಎಷ್ಟು ಕುಕ್ಕಿದರೂ ಜಗ್ಗಲಿಲ್ಲ. ಅದನ್ನು ಹೇಳಲು ಹೋದಾಗ ಅಕ್ಕ, "ಅದು ನನಗ ಗೊತ್ತಿಲ್ಲೇನು? ಅದಕ್ಕೇ ಮೂರಕ್ಕ ಬಿಡ್ತೀನಿ," ಎಂದು ಸೇರನ್ನೇ ನನ್ನ ಕೈಗಿತ್ತರು. ಅದೇ ಕೊನೆಯ ಭೇಟಿ. ಆಮೇಲೆ ಹೋದಾಗ ಅವರಿರಲಿಲ್ಲ, ಬಹಳ ಅತ್ತೆ.

ಈಗ ನಾನೇ ಪಾಠ ಹೇಳುತ್ತೇನೆ. ಸೇರು ನನ್ನ ಮೇಜಿನ ಮೇಲಿದೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಕಣ್ಣು ತುಂಬಿಕೊಂಡು ಬಂದಳು. "ಅಂಕಿ ನಿಂದರವಲ್ದು ಮೇಡಂ. ಬಿಟ್ಟು ಊರಿಗಿ ಹೋಗ್ತೀನ್ರಿ."

ಕುರ್ಚಿ ಎಳೆದುಕೊಟ್ಟೆ.

"ಮೊದಲ ಕುಂದ್ರು. ಎಷ್ಟು ಸಲ ಕುಕ್ಕಿದಿ, ಹೇಳು."