ಅಗ್ನಿಯಾಳ ಹಾಸಿನ ಜೋಡಿ

ಲೆನಿನ್‌ಗ್ರಾಡಿನಲ್ಲಿ ಅಗ್ನಿಯಾ ಬರೆದ ಚಿತ್ರಗಳಲ್ಲಿ ಮನುಷ್ಯರಿರಲಿಲ್ಲ, ಮರವಿರಲಿಲ್ಲ. ಕೆಂಪು ಬಿಳಿಯನ್ನು ಕಚ್ಚುತ್ತಿತ್ತು, ಅಷ್ಟೆ. ಅದೇ ಅಪರಾಧವಾಯಿತು. ವಿಚಾರಣೆಯ ಕೋಣೆಯಲ್ಲಿ ಅವಳ ಬಲಗೈ ಬೆರಳುಗಳನ್ನು ಮೇಜಿನ ಡ್ರಾಯರಿನ ಸಂದಿಗೆ ಇಟ್ಟು ಒದ್ದು ಮುಚ್ಚಿದರು. ಆಮೇಲೆ ಕೈದಿಗಳ ಶಿಬಿರ. ಅದು ಮುಗಿದ ಮೇಲೆ ನಮ್ಮ ಕಜಾಕ್ ಹುಲ್ಲುಗಾವಲಿಗೆ ಗಡೀಪಾರು. ಚಿತ್ರ ಬರೆದರೆ ಮತ್ತೆ ಶಿಬಿರವೇ ಎಂದು ಗಡೀಪಾರಾದವರನ್ನು ಕಾಯುವ ಕಮಾಂಡೆಂಟ್ ತ್ಯೂರಿನ್ ಮೊದಲ ದಿನವೇ ಹೇಳಿಬಿಟ್ಟಿದ್ದ.

ಕುಂಚ ಹಿಡಿಯಲಾಗದ ಕೈಗೆ ಪಕ್ಕದ ಮನೆಯ ಉಲ್ಬಿಕೆ ಅಜ್ಜಿ ಬಡಿಗೆ ಕೊಟ್ಟಳು. ಕುರಿಯುಣ್ಣೆಯನ್ನು ತೊಗಲಿನ ಮೇಲೆ ಹರಡಿ ಹೆಂಗಸರೆಲ್ಲ ಬಡಿಯುವ ಕೆಲಸ.

"ಯಾರ ಮೇಲೆ ಸಿಟ್ಟೋ ಅವರ ಮುಖ ನೆನೆಸ್ಕೊಂಡು ಬಡಿ ಮಗಳೇ. ನಾನು ಸತ್ತ ಗಂಡನ್ನ ನೆನೆಸ್ಕೋತೀನಿ, ಉಣ್ಣೆ ಹತ್ತಿಯಂಗಾಗುತ್ತೆ."

ಅಗ್ನಿಯಾ ಬಡಿದಳು. ಮೊಣಕೈವರೆಗೆ ಉರಿಯೆದ್ದರೂ ಬಿಡಲಿಲ್ಲ.

ಬಡಿದ ಉಣ್ಣೆಗೆ ಬಿಸಿನೀರು ಸುರಿದು, ಸುತ್ತಿ, ಒದ್ದು ಒದ್ದು ಉರುಳಿಸಿದರೆ ದಪ್ಪ ಹಾಸು. ಕೆಂಪು ಹಾಸಿನ ಮೇಲೆ ಬಿಳಿ ಹಾಸು ಇಟ್ಟು ಒಂದೇ ಚಾಕುವಿನಲ್ಲಿ ಎರಡನ್ನೂ ಕೊಯ್ಯುತ್ತಾರೆ. ಕೆಂಪಿನ ತುಂಡು ಬಿಳಿಯ ಗಾಯಕ್ಕೆ, ಬಿಳಿಯದು ಕೆಂಪಿನ ಗಾಯಕ್ಕೆ ಕೂರಿಸಿ ಹೊಲಿಯುತ್ತಾರೆ. ಹಾಗಾಗಿ ಯಾವ ಹಾಸೂ ಒಂಟಿಯಾಗಿ ಹುಟ್ಟುವುದಿಲ್ಲ. ಒಂದು ಕೊಯ್ದವಳ ಮನೆಗೆ, ಅದರ ಜೋಡಿ ಜೊತೆಗೆ ದುಡಿದವಳ ಮನೆಗೆ.

ಉಳಿದವರು ಟಗರಿನ ಕೊಂಬಿನ ಆಕಾರ ಕೊಯ್ಯುತ್ತಿದ್ದರು. ಅಗ್ನಿಯಾಳ ಚಾಕು ಬೇರೆಯೇ ದಾರಿ ಹಿಡಿಯಿತು.

"ಇದೇನೇ, ತೋಳ ಕುರಿನ ಹರಿದಂಗಿದೆ," ಎಂದಳು ಅಜ್ಜಿ. ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡು. ತೋಳಾನೂ ನಮ್ಮೂರಿಂದೇ."

ಅಗ್ನಿಯಾ ಹಾಸಿನಲ್ಲೇ ಚಿತ್ರ ಕೊಯ್ಯುತ್ತಿದ್ದಾಳೆಂಬ ಸುದ್ದಿ ತ್ಯೂರಿನ್‌ಗೆ ಮುಟ್ಟಿತು. ಬಂದವನೇ ಅವಳ ಬಾಗಿಲಲ್ಲಿ ಬೊಗಳಿದ ನಾಯಿಗೆ ಗುಂಡು ಹೊಡೆದ. ಗೋಡೆಯ ಮೇಲಿದ್ದ, ಬಿಳಿ ನೆಲಕ್ಕೆ ಕೆಂಪು ಸೀಳಿನ ಹಾಸನ್ನು ಅಂಗಳಕ್ಕೆ ಎಳೆದು, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಅಡ್ಡ ಬಂದ ಅಗ್ನಿಯಾಳ ಬಲಗೈಯನ್ನು ಬೂಟಿನಡಿ ಹಾಕಿ ಹೊಸಕಿದ. ಹಳೆಯ ಮೂಳೆಗಳು ಮತ್ತೆ ಮುರಿದದ್ದು ಬೇಲಿಯಾಚೆಗೂ ಕೇಳಿಸಿತು.

"ಇಂಥದ್ದು ಇನ್ನೊಂದು ಸಿಕ್ಕಿದ್ರೆ ಶಿಬಿರದಲ್ಲೇ ಸಾಯ್ತೀಯ," ಎಂದ.

ಹೊಗೆಗೆ ಗಂಟಲೊಣಗಿ ಚಹಾ ಕುಡಿಯಲು ಅವನು ಅಜ್ಜಿಯ ಮನೆಗೆ ನುಗ್ಗಿದ. ಕೈ ಕಟ್ಟಿಸಲು ಅಗ್ನಿಯಾಳನ್ನೂ ಅಲ್ಲಿಗೇ ಹೊತ್ತು ತಂದರು. ಒಳಗೆ ಬಂದವಳಿಗೆ ಮೊದಲು ಕಂಡದ್ದು ಹಾಸು. ಬೂಟೂ ಬಿಚ್ಚದೆ ತ್ಯೂರಿನ್ ಕೂತಿದ್ದದ್ದು ಸುಟ್ಟ ಹಾಸಿನ ಜೋಡಿಯ ಮೇಲೆ. ಅದೇ ಗಾಯ, ನೆಲ ಮಾತ್ರ ಕೆಂಪು, ಸೀಳು ಬಿಳಿ.

"ನೋಡು," ಎಂದ ಅವನು, ಹಾಸನ್ನು ತಟ್ಟಿ. "ಇದು ಜನರ ಕಲೆ. ಏನಜ್ಜಿ ಇದು, ಕೊಂಬಾ?"

"ಕೊಂಬೇ ಸಾಹೇಬ್ರೇ. ಮುದಿ ಟಗರು, ಕೊಂಬು ಸ್ವಲ್ಪ ಸೊಟ್ಟ. ಗುಮ್ಮೋದು ಮಾತ್ರ ಮರೆತಿಲ್ಲ."

"ಕಲಿತ್ಕೋ ಇವಳ ಹತ್ರ."

"ಕಲೀತೀನಿ," ಎಂದಳು ಅಗ್ನಿಯಾ. ಬೆರಳಿನ ರಕ್ತ ಬಿಳಿ ಸೀಳಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಹಾಸು ಕೆಡ್ತಿದೆ, ಮುದುಕಿ," ಎಂದ ತ್ಯೂರಿನ್.

"ಕೆಡ್ಲಿ ಬಿಡಿ. ಹೊಲಿಗೆ ಗಟ್ಟಿ ಇದೆ."

ಆ ಬಲಗೈ ಮತ್ತೆ ಮೇಲೇಳಲಿಲ್ಲ. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಬಂದಾಗ ಅಗ್ನಿಯಾ ಎಡಗೈಯಲ್ಲಿ ಚಾಕು ಹಿಡಿದಳು. ಆ ಕೈಗೆ ಯಾವ ಶಾಲೆಯ ಪಾಠವೂ ಗೊತ್ತಿರಲಿಲ್ಲ. ಚುಚ್ಚಿತು, ಎಳೆಯಿತು, ಹರಿಯಿತು. ಎರಡು ಹಾಸೂ ಕೊಯ್ದ ಕುರಿಯ ಹೊಟ್ಟೆಯಂತೆ ತೆರೆದುಕೊಂಡವು.

ಅಡಿಯ ಹಾಸು ಜರುಗದಂತೆ ಮಂಡಿಯೂರಿ ಒತ್ತಿಹಿಡಿದಿದ್ದ ಅಜ್ಜಿ ಕೇಳಿದಳು. "ಇದರ ಜೋಡಿ ನಂಗೇ ತಾನೇ?"

"ಇಲ್ಲಜ್ಜಿ, ತ್ಯೂರಿನ್ ಮನೆಗೆ," ಎಂದಳು ಅಗ್ನಿಯಾ. "ನೀನೇ ಕೊಯ್ದ ಕೊಂಬು ಅಂತ ಹೇಳಿ ಕೊಡು."