ರಾಯಚೂರಿನಲ್ಲಿ ನಾವು ಉಂಡ ಮೂರು ಜಾಗ

ಸಿರವಾರದಿಂದ ಬಸ್ಸು ಬಿಟ್ಟಾಗ ಹೊತ್ತು ಮಾರುದ್ದ ಏರಿತ್ತು. ದೇವದುರ್ಗದ ಹತ್ತಿರದ ನಮ್ಮ ಊರಿನಿಂದ ಸಿರವಾರದ ತನಕ ಮಗ ಚಕ್ಕಡಿಯಲ್ಲಿ ತಂದು ಬಿಟ್ಟಿದ್ದ. ಆಗಿನ್ನೂ ಎರಡನೆಯ ಮಹಾಯುದ್ಧ ಮುಗಿದಿರಲಿಲ್ಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು, ಹಿಂದೆ ಒಂದು ಒಲೆ ಕಟ್ಟಿರುತ್ತಿದ್ದರು. ಕಲ್ಲೂರು ಬರುವುದರೊಳಗೆ ಡ್ರೈವರ್ ಎರಡು ಸಲ ಇಳಿದು ಅದನ್ನು ಕೆದಕಿದ. ತಲೆಗೆ ಆರಾಣೆ ಕೊಟ್ಟು ದಾರಿಯುದ್ದಕ್ಕೂ ಹೊಗೆ ಕುಡಿದೆವು.

ಹೊರಟವರು ನಾನು ಮತ್ತು ನಮ್ಮ ಮನೆಯವರು, ಇಬ್ಬರೇ. ಅವರು ಕುರಿ ಕಾಯುವವರು. ಮಳೆಗಾಲದಲ್ಲಿ ಹಿಡಿದ ಜ್ವರ ದೀಪಾವಳಿಗೆ ಬಿಟ್ಟಿತ್ತು, ಆದರೆ ಊಟ ಮಾತ್ರ ತಿರುಗಿ ಬರಲಿಲ್ಲ. ಅರ್ಧ ರೊಟ್ಟಿ ತಿಂದು ಗಂಗಾಳ ಸರಿಸಿಬಿಡುತ್ತಿದ್ದರು. ಕಂಬಳಿ ಹೊದ್ದರೆ ಒಳಗೆ ಮನುಷ್ಯ ಇದ್ದಾನೋ ಇಲ್ಲವೋ ಅನ್ನುವ ಹಾಗಾಗಿದ್ದರು. ಮಾನ್ವಿಯ ವೈದ್ಯನ ಪುಡಿ ಎರಡು ತಿಂಗಳು ನೆಕ್ಕಿಸಿ ನೋಡಿದೆ. ಏನೂ ಆಗಲಿಲ್ಲ. ಅದಕ್ಕೇ ರಾಯಚೂರಿಗೆ ಹೊರಟದ್ದು.

ದೊಡ್ಡ ದವಾಖಾನೆಯಲ್ಲಿ ಡಾಕ್ಟರ್ ಅವರ ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ, ನಾಲಿಗೆ ನೋಡಿದ. "ರೋಗ ಏನೂ ಇಲ್ಲಮ್ಮ. ಉಣ್ಣಿಸು. ಬಾಯಿಗೆ ಏನು ಹಿಡಿಸ್ತದೋ ಅದನ್ನ ಉಣ್ಣಿಸು. ಹಿಂಗೇ ಬಿಟ್ಟರೆ ಬೇಸಿಗೆ ದಾಟೋದಿಲ್ಲ" ಎಂದ. ಮೂರು ದಿನ ಬಿಟ್ಟು ಮತ್ತೆ ಕರೆದುಕೊಂಡು ಬಾ ಎಂದೂ ಹೇಳಿದ. ಸ್ಟೇಷನ್ನಿನ ಹತ್ತಿರ, ಪರಊರಿನವರು ತಂಗುವ ಮುಸಾಫಿರಖಾನೆಯಲ್ಲಿ ಗಂಟು ಇಟ್ಟೆವು. ಅಲ್ಲಿಂದ ನಾನು ಇವರಿಗೆ ಹಿಡಿಸುವ ಊಟ ಹುಡುಕುತ್ತ ಹೊರಟೆ.

ಮೊದಲು ಹೋದದ್ದು ಸ್ಟೇಷನ್ನಿನ ಎದುರಿನ ಬ್ರಾಹ್ಮಣರ ಹೋಟೆಲಿಗೆ. ಒಳಗೆ ಹೆಂಗಸರು ಯಾರೂ ಇರಲಿಲ್ಲ. ಇವರನ್ನು ಬೆಂಚಿನ ಮೇಲೆ ಕೂಡಿಸಿ ನಾನು ಹಿಂದೆ ನಿಂತೆ. ಉಪ್ಪಿಟ್ಟು ಬಂತು. ತುಪ್ಪದ ವಾಸನೆ ನನ್ನ ಮೂಗಿನ ತನಕ ಬಂತು. ಅವರು ಎರಡು ತುತ್ತು ತಿಂದರು, "ಸಾಕು" ಎಂದರು. ಹೊರಗೆ ಬಂದ ಮೇಲೆ, "ನಿಂದು?" ಎಂದು ಕೇಳಿದರು. "ಆತು" ಎಂದೆ. ಹೊರಡುವ ಮೊದಲೇ ಮುಸಾಫಿರಖಾನೆಯ ಕಂಬದ ಹಿಂದೆ ಕೂತು ಗಂಟಿನಲ್ಲಿದ್ದ ಒಣ ಕಟಕ ರೊಟ್ಟಿಯ ಚೂರೊಂದು ಕಡಿದಿದ್ದೆ. ಗಂಡನ ಎದುರು ಬಾಯಿ ಆಡಿಸುವುದು ನಮ್ಮಲ್ಲಿ ರೂಢಿ ಇರಲಿಲ್ಲ. ಅವರು ಉಂಡ ಮೇಲೆ, ಎಲ್ಲರೂ ಉಂಡ ಮೇಲೆ, ಒಲೆಯ ಕಡೆ ಮುಖ ಮಾಡಿ ಉಣ್ಣಬೇಕು. ಮದುವೆಯಾಗಿ ಮೂವತ್ತು ವರ್ಷವಾಗಿತ್ತು, ನಾನು ಉಣ್ಣುವುದನ್ನು ಆ ಮನುಷ್ಯ ಒಂದು ದಿನವೂ ನೋಡಿರಲಿಲ್ಲ.

ಮರುದಿನ ಸಾಬರ ಚಹಾದಂಗಡಿಗೆ ಹೋದೆವು. ಅಲ್ಲಿ ಚಹಾ ಕೆನೆ ಕಟ್ಟುವಷ್ಟು ಗಟ್ಟಿ. ಅದರಲ್ಲಿ ಅದ್ದಿ ತಿನ್ನಲು ಪಾವು ಬ್ರೆಡ್ಡು ಕೊಡುತ್ತಿದ್ದರು. "ಖಾಲೋ ಬಾಬಾ, ಗರಂ ಅದ" ಎಂದು ಅಂಗಡಿಯವನು ತಾನೇ ಮುರಿದು ಕೊಟ್ಟ. ಬೆನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಏನ್ ಯವ್ವಾ, ಬುಡ್ಡಾನ ಮ್ಯಾಲ ಪಹರೆ ಇಟ್ಟೀಯೇನು? ಓಡಿ ಹೋಗೋ ವಯಸ್ಸಲ್ಲ ಬಿಡು, ಕುಂದ್ರು" ಎಂದ. ಕೂತಿದ್ದವರೆಲ್ಲ ನಕ್ಕರು. ನಾನು ಕೂರಲಿಲ್ಲ. ಇವರು ಚಹಾ ಕುಡಿದರು, ಪಾವು ಹಾಗೇ ಉಳಿಯಿತು. ಹೊರಗೆ ಬಿಸಿಲಿಗೆ ಬಂದು ನೋಡಿದರೆ ಇವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವತ್ತು ನನಗೆ ನಿಜಕ್ಕೂ ಹೆದರಿಕೆ ಆಯಿತು.

ಮೂರನೆಯ ದಿನ ಹತ್ತಿ ಮಿಲ್ಲಿನ ಕಡೆ ನಡೆದೆವು. ಅರಳೆ ಹಾರಿ ಬೇಲಿಗೆಲ್ಲ ಅಂಟಿತ್ತು. ಮಿಲ್ಲಿನ ಗೋಡೆಗೆ ತಗಡು ಇಳಿಬಿಟ್ಟು ಮಾನ್ವಿ ಕಡೆಯ ನಾಗಮ್ಮ ಎಂಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಮಿಲ್ಲಿನ ಗಂಡಾಳು ಹೆಣ್ಣಾಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಅಂಥದ್ದನ್ನು ನಾನು ಕಂಡದ್ದು ಅದೇ ಮೊದಲು.

ಇವರನ್ನು ಸಾಲಿನ ಕೊನೆಗೆ ಕೂಡಿಸಿದೆ. ಆಮೇಲೆ ಮನೆಯಲ್ಲಿ ಮಾಡುವಂತೆಯೇ, ಯೋಚನೆ ಕೂಡ ಮಾಡದೆ, ನಾಗಮ್ಮನ ರೊಟ್ಟಿ ಬುಟ್ಟಿ ಎತ್ತಿಕೊಂಡು ಇವರಿಗೆ ಬಡಿಸಲು ನಿಂತೆ.

ನಾಗಮ್ಮ ಒಲೆ ಬಿಟ್ಟು ಎದ್ದು ಬಂದು ಬುಟ್ಟಿ ಕಸಿದಳು. "ನೀ ಬಡಿಸಾಕತ್ತಿದ್ರ ನಾ ಏನ್ ಮಾಡ್ಲಿ? ಮಿಲ್ಲಿಗಿ ಹೋಗಿ ಹತ್ತಿ ಆರಿಸ್ಲೇನು?"

"ಅವ್ರದಾಗ್ಲಿ ಯವ್ವಾ, ಆಮ್ಯಾಲ ನಾ..."

"ಆಮ್ಯಾಲ ಗೀಮ್ಯಾಲ ಇಲ್ಲ. ನನ್ನಲ್ಲಿ ನಿಂತವ್ರಿಗೆ ಜಾಗಿಲ್ಲ. ಕುಂದ್ರು, ಇಲ್ಲಾಂದ್ರ ಇಬ್ರೂ ನಡೀರಿ."

ಸಾಲಿನಲ್ಲಿದ್ದ ಒಬ್ಬಾಕೆ, "ಕುಂದ್ರ ಬೇ, ನೀ ಉಂಡ್ರ ನಿನ್ನ ಗಂಡನ ಹಲ್ಲೇನ್ ಉದುರಂಗಿಲ್ಲ" ಎಂದಳು.

ಕೂತೆ. ಇವರಿಗೆ ಅರ್ಧ ಬೆನ್ನು ತಿರುಗಿಸಿ ಕೂತೆ. ಮೂರು ದಿನದ ಮೇಲೆ ಬಿಸಿ ರೊಟ್ಟಿ ಕೈಗೆ ಬಂದಿತ್ತು. ನಾಚಿಕೆ ಮೊದಲ ರೊಟ್ಟಿಯ ತನಕ ಇತ್ತು. ಎರಡನೆಯದಕ್ಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ತಲೆ ಎತ್ತಿದರೆ ಇವರು ತಮ್ಮ ರೊಟ್ಟಿ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

"ಇನ್ನೊಂದು ತಗೋ."

"ನೀವು ಉಣ್ರಿ ಮೊದ್ಲು."

"ನೀ ತಗೋ. ನಾ ನೋಡ್ತೀನಿ."

ತಗೊಂಡೆ. ನಾನು ಮುರಿದ ಮೇಲೆ ಅವರು ಮುರಿದರು. ಎರಡೂವರೆ ರೊಟ್ಟಿ ಉಂಡು, ಪುಂಡಿಪಲ್ಯ ಇನ್ನೊಮ್ಮೆ ಹಾಕಿಸಿಕೊಂಡರು. ನಾನು ಕಣ್ಣು ಒರೆಸಿಕೊಂಡೆ, ಖಾರ ಜಾಸ್ತಿ ಇತ್ತು.

ತಿರುಗಿ ಬರುವಾಗ ಬೇಲಿಯ ನೆರಳಿನಲ್ಲಿ ಕೂತರು. "ಜ್ವರ ಬಂದು ಪಡಸಾಲ್ಯಾಗ ಬಿದ್ದಿದ್ನಲ್ಲ, ಆಗ ಕಂಡೆ" ಎಂದರು. "ಎಲ್ಲಾರ್ದೂ ಆದ ಮ್ಯಾಲ ನೀ ಖಾಲಿ ಬುಟ್ಟಿ ಜಾಡಿಸಿ, ಒಂದು ಚೊಂಬು ನೀರು ಕುಡಿದು ಎದ್ದಿ. ಉಂಡ್ಯಾ ಅಂದ್ರ ಆತು ಅಂದಿ. ಮರುದಿನಾನೂ ಹಂಗ. ಅವತ್ತಿಂದ ಗಂಟಲದಾಗ ಇಳೀಲಿಲ್ಲ. ಅರ್ಧ ಬಿಟ್ರ ನೀನರ ತಿಂತಿ ಅಂತ..."

ಆ ವರ್ಷ ಸರ್ಕಾರಕ್ಕೆ ಕಡ್ಡಾಯದ ಲೆವಿ ಜೋಳ ಹಾಕಿದ ಮೇಲೆ ನಮ್ಮ ಕಾಳಿನ ಗುಮ್ಮಿಯ ತಳ ಕಂಡಿತ್ತು. ಸೊಸೆ ಬಾಣಂತಿ. ಯಾರಾದರೂ ಒಬ್ಬರು ಕಡಿಮೆ ಉಣ್ಣಲೇಬೇಕಿತ್ತು.

"ಹುಚ್ಚು ಹಿಡದದೇನ್ರಿ ನಿಮಗ? ಬಾಯಿ ಬಿಟ್ಟು ಕೇಳಬಾರದಾ?" ಎಂದು ಬೈದೆ.

"ಕೇಳೀನಲ್ಲ, ದಿನಾ ಕೇಳೀನಿ."

ಅವರು ಬಿಟ್ಟ ಅರ್ಧ ರೊಟ್ಟಿಯನ್ನು ನಾನು ಸೊಸೆಗೆ ಹಾಕುತ್ತಿದ್ದೆ ಎಂಬುದನ್ನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಡಾಕ್ಟರ್ ಊರಿಗೆ ಹೋಗಬಹುದು ಎಂದ ಮೇಲೂ ಎರಡು ದಿನ ನಾಗಮ್ಮನಲ್ಲಿ ಉಂಡೆವು. ಹೊರಡುವ ದಿನ ದಾರಿಗೆಂದು ಅವಳೇ ರೊಟ್ಟಿ ಕಟ್ಟಿ ಕೊಟ್ಟಳು.

ಕಲ್ಲೂರಿನಲ್ಲಿ ಬಸ್ಸು ಇದ್ದಿಲು ತುಂಬಲು ನಿಂತಿತು. ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿ ಇಬ್ಬರೂ ಎದುರಾಬದುರು ಕೂತೆವು. ಅಷ್ಟರಲ್ಲಿ ನಮ್ಮೂರಿನ ಕುರಿ ವ್ಯಾಪಾರಿಯೊಬ್ಬ ಅಲ್ಲಿಗೇ ಬಂದ.

"ಏನ್ ಕಾಕಾ, ಹೇಣ್ತಿ ಜೋಡಿ ಉಣ್ಣಾಕತ್ತೀಯಲ್ಲ! ರಾಯಚೂರ ಗಾಳಿ ಬಡೀತೇನು?"

ನನ್ನ ಬಾಯಿ ತುಂಬ ತುತ್ತು ಇತ್ತು. ಸೆರಗು ಮುಖಕ್ಕೆ ಎಳೆದುಕೊಂಡೆ.

"ಬಡೀತು. ನೀನೂ ಕುಂದ್ರು, ರೊಟ್ಟಿ ಅದಾವ" ಎಂದರು ನಮ್ಮ ಮನೆಯವರು.

ಅವನು ಕೂರಲಿಲ್ಲ, ನಗುತ್ತ ನಿಂತೇ ಇದ್ದ. ಊರಿಗೆ ನಮಗಿಂತ ಮೊದಲೇ ಸುದ್ದಿ ಒಯ್ಯುವ ಮನುಷ್ಯ. ಒಯ್ಯಲಿ ಅನ್ನಿಸಿತು. ಸೆರಗು ಸರಿಸಿ ಅಗಿದೆ. ಡ್ರೈವರ್ ಹಾರ್ನ್ ಹೊಡೆದ, ಮತ್ತೊಮ್ಮೆ ಹೊಡೆದ. ನನ್ನದು ಇನ್ನೂ ಅರ್ಧ ರೊಟ್ಟಿ ಇತ್ತು. ಅದನ್ನು ಉಂಡೇ ಎದ್ದೆ.